ಹಿಪ್ನಾಸಿಸ್ ಜೊತೆ ಯಾವ ಸದ್ದು ಒಳ್ಳೆಯದು? ನಾನೇ ಪ್ರಯತ್ನಿಸಿ ನೋಡಿದ ಹೋಲಿಕೆ

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ನನಗೆ ಎಷ್ಟೋ ವರ್ಷಗಳಿಂದ ಇದೆ. ಬೆಳಿಗ್ಗೆ ಎದ್ದರೆ ಕಿವಿಯ ಮುಂದೆ ಎರಡೂ ಬದಿ ನೋವು. ಬಾಯಿ ಪೂರ್ತಿ ತೆರೆಯಲು ಬರುತ್ತಿರಲಿಲ್ಲ. ಹಲ್ಲಿನ ಡಾಕ್ಟರು ರಾತ್ರಿ ಹಾಕಿಕೊಳ್ಳಲು ಗಾರ್ಡ್ ಕೊಟ್ಟರು. ಅದು ಹಲ್ಲು ಸವೆಯುವುದನ್ನು ತಡೆಯಿತು, ದವಡೆಯ ಬಿಗಿತವನ್ನು ಬಿಡಿಸಲಿಲ್ಲ. ಕೊನೆಗೆ ಹಿಪ್ನಾಸಿಸ್ ಬಳಸುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದೆ.

ಮೊದಲ ದಿನ ಕೋಣೆಯಲ್ಲಿ ಮೆಲ್ಲಗೆ ಸಂಗೀತ ಹಾಕಿದ್ದರು. ಕೊಳಲು, ಹಿಂದೆ ಅಲೆಗಳ ಸದ್ದು. ಚೆನ್ನಾಗಿಯೇ ಇತ್ತು. ಆದರೆ ನಾಲ್ಕು ನಿಮಿಷಕ್ಕೊಮ್ಮೆ ಆ ರೆಕಾರ್ಡಿಂಗ್ ಮುಗಿದು ಮತ್ತೆ ಶುರುವಾಗುತ್ತಿತ್ತು. ನಡುವೆ ಒಂದು ಸಣ್ಣ ಕಡಿತ. ಎರಡನೇ ಸಲ ಅದು ಕಿವಿಗೆ ಬಿದ್ದ ಮೇಲೆ ನಾನು ಅವರ ಮಾತು ಬಿಟ್ಟು ಆ ಕಡಿತಕ್ಕೇ ಕಾಯತೊಡಗಿದೆ. ಮುಗಿದ ಮೇಲೆ ಇದನ್ನು ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸರಿ, ಸದ್ದನ್ನೇ ಬದಲಾಯಿಸಿ ನೋಡೋಣ. ನನ್ನ ಮಾತು ಅದೇ ಇರಲಿ" ಎಂದರು. ಹೋಲಿಕೆ ಶುರುವಾದದ್ದು ಹೀಗೆ.

ಪ್ರತಿ ಸಲವೂ ಮಾತು ಒಂದೇ. ಗೋಡೆಯ ಮೇಲಿನ ಒಂದು ಚುಕ್ಕೆ ನೋಡುವುದು, ಕಣ್ಣು ತಾನಾಗಿ ಮುಚ್ಚುವುದು, ಪಾದದಿಂದ ಮೇಲಕ್ಕೆ ಮೈ ಭಾರವಾಗುವುದು. ಆಮೇಲೆ ಮುಖ್ಯವಾದ ಸೂಚನೆ: "ತುಟಿ ಮುಚ್ಚಿರಲಿ, ಹಲ್ಲು ದೂರ ಇರಲಿ, ನಾಲಿಗೆ ಸುಮ್ನೆ ಮಲಗಿರಲಿ." ಮೇಲಿನ ಹಲ್ಲು, ಕೆಳಗಿನ ಹಲ್ಲು ಬೇರೆಯಾದ ಹಾಗೆ ಅನಿಸಿದರೆ ನಾನು ತೋರುಬೆರಳು ಎತ್ತಬೇಕು. ಎಷ್ಟು ನಿಮಿಷ ಆಯಿತೆಂದು ಅವರು ಬರೆದುಕೊಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ನನ್ನ ಕಡೆಯಿಂದ ಇನ್ನೊಂದು ಪರೀಕ್ಷೆ: ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸುವುದು. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದರ್ಥ.

ಇದು ಒಬ್ಬರ ಅನುಭವ ಅಷ್ಟೇ. ಹಿಪ್ನಾಸಿಸ್‌ಗೆ ಒಗ್ಗುವ ಗುಣ ಒಬ್ಬೊಬ್ಬರಿಗೆ ಒಂದೊಂದು ಮಟ್ಟದಲ್ಲಿ ಇರುತ್ತದೆ. ಅದನ್ನು ಅಳೆಯಲೆಂದೇ 1959ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಅಳತೆಪಟ್ಟಿ ಮಾಡಿದರು. ಆ ಗುಣದಲ್ಲಿ ನಾನು ಮಧ್ಯಮ ಮಟ್ಟದವಳು.

ಹಿನ್ನೆಲೆ ಸಂಗೀತ

ಕಡಿತವಿಲ್ಲದ ಉದ್ದನೆಯ ರೆಕಾರ್ಡಿಂಗ್ ಹಾಕಿ ಇದನ್ನೇ ಮತ್ತೊಮ್ಮೆ ನೋಡಿದೆವು. ಬೆರಳು ಎದ್ದದ್ದು ಹದಿಮೂರನೇ ನಿಮಿಷಕ್ಕೆ. ಕೋಣೆಯ ಹೊರಗಿನ ಗದ್ದಲ ಮುಚ್ಚಿಹೋಗುತ್ತದೆ, ಇದು ದೊಡ್ಡ ಅನುಕೂಲ. ಕುರ್ಚಿಯಲ್ಲಿ ಒರಗಿದ ಕೂಡಲೇ "ಈಗ ಏನೋ ಆಗಲಿದೆ" ಅನಿಸುತ್ತದೆ. ಈ ನಿರೀಕ್ಷೆಯನ್ನು ಸಣ್ಣದು ಎನ್ನಬೇಡಿ. ಹಿಪ್ನಾಸಿಸ್‌ನ ಪೂರ್ವಜ ಎನ್ನಬಹುದಾದ ಮೆಸ್ಮರ್, 18ನೇ ಶತಮಾನದಲ್ಲೇ ಚಿಕಿತ್ಸೆಯ ಕೋಣೆಯಲ್ಲಿ ಗಾಜಿನ ಬಟ್ಟಲುಗಳ ಹಾರ್ಮೋನಿಕಾ ನುಡಿಸುತ್ತಿದ್ದ. ಒದ್ದೆ ಬೆರಳು ಸವರಿದರೆ ಹಾಡುವ ಆ ವಾದ್ಯಕ್ಕೆ 1761ರಲ್ಲಿ ತಿರುಗುವ ರೂಪ ಕೊಟ್ಟವರು ಬೆಂಜಮಿನ್ ಫ್ರಾಂಕ್ಲಿನ್. 1784ರಲ್ಲಿ ಫ್ರಾನ್ಸಿನ ರಾಜ ನೇಮಿಸಿದ ಸಮಿತಿಯಲ್ಲಿ ಕೂತು, ಮೆಸ್ಮರ್ ಹೇಳುವ ಕಾಂತಶಕ್ತಿ ಇಲ್ಲವೇ ಇಲ್ಲ, ಎಲ್ಲ ಕಲ್ಪನೆಯ ಪರಿಣಾಮ ಎಂದು ವರದಿ ಕೊಟ್ಟವರಲ್ಲಿಯೂ ಅದೇ ಫ್ರಾಂಕ್ಲಿನ್ ಇದ್ದರು. ನನಗೆ ಇಲ್ಲಿ ಮುಖ್ಯ ಅನಿಸುವುದು ಬೇರೆ. ಕಲ್ಪನೆಯಿಂದಲೇ ಮೈ ಅಷ್ಟು ಬದಲಾಗುತ್ತದೆ ಎಂದಾದರೆ, ಆ ಕಲ್ಪನೆಯನ್ನು ಎಬ್ಬಿಸುವ ಸದ್ದನ್ನು ಆರಿಸುವಾಗ ಎಚ್ಚರ ಬೇಕಲ್ವಾ?

ತೊಂದರೆ ಏನೆಂದರೆ, ರಾಗ ಇದ್ದ ಕಡೆ ಕಿವಿ ಹೋಗುತ್ತದೆ. ಮುಂದಿನ ಸ್ವರ ಎಲ್ಲಿಗೆ ಹೋಗುತ್ತದೆ ಎಂದು ಮನಸ್ಸು ಅದರ ಹಿಂದೆಯೇ ಓಡುತ್ತದೆ.

ನನಗೆ ಇಷ್ಟವಾದ ಹಾಡು

ಇದರ ಮೇಲೆ ನನಗೆ ಬಹಳ ಆಸೆ ಇತ್ತು. ಇಷ್ಟದ ಹಾಡು ಕೇಳಿದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಉಲ್ಟಾ. ಹಾಡಿನ ಎರಡನೇ ಸಾಲಿಗೇ ತೀರಿಹೋದ ಅಕ್ಕನ ನೆನಪು ಬಂತು, ಗಂಟಲು ಕಟ್ಟಿತು, ದವಡೆ ಇನ್ನೂ ಬಿಗಿಯಾಯಿತು. ಬೆರಳು ಏಳಲೇ ಇಲ್ಲ. ಅವರು ಹಾಡು ನಿಲ್ಲಿಸಿ, ಕಣ್ಣು ತೆರೆಸಿ, ಸ್ವಲ್ಪ ಹೊತ್ತು ಮಾತಾಡಿಸಿದರು.

ಆದರೂ ಇದನ್ನು ಕೆಟ್ಟದ್ದು ಎನ್ನಲಾರೆ. ಸಂಗೀತ ಚಿಕಿತ್ಸಕಿ ಹೆಲೆನ್ ಬಾನಿ 1970ರ ದಶಕದಲ್ಲಿ ರೂಪಿಸಿದ ಒಂದು ಪದ್ಧತಿಯಲ್ಲಿ ಸಂಗೀತವೇ ಚಿಕಿತ್ಸೆಯ ನಡುಮನೆ. ಒರಗಿ ಕೂತವರು ಸಂಗೀತ ಕೇಳುತ್ತ ಮನಸ್ಸಿಗೆ ಬಂದ ಚಿತ್ರಗಳನ್ನು ಹೇಳುತ್ತ ಹೋಗುತ್ತಾರೆ, ಥೆರಪಿಸ್ಟ್ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ. ದುಃಖವನ್ನು ಹೊರಗೆ ತರಬೇಕಾದವರಿಗೆ ಅದು ಬಾಗಿಲು. ನನಗೆ ಬೇಕಿದ್ದದ್ದು ದವಡೆ ಸಡಿಲವಾಗುವುದು. ಎರಡೂ ಬೇರೆ ಬೇರೆ ಕೆಲಸ.

ಬೈನೌರಲ್ ಬೀಟ್ಸ್

ಇದರ ಬಗ್ಗೆ ಮಾತು ಜಾಸ್ತಿ, ನನಗೆ ಸಿಕ್ಕ ಫಲ ಕಡಿಮೆ. ಎಡಕಿವಿಗೆ 200 ಹರ್ಟ್ಸ್, ಬಲಕಿವಿಗೆ 206 ಹರ್ಟ್ಸ್ ಸದ್ದು ಕೊಟ್ಟರೆ, ತಲೆಯೊಳಗೆ ಸೆಕೆಂಡಿಗೆ 6 ಸಲ ಏರಿಳಿಯುವ ಮೂರನೇ ಮಿಡಿತ ಕೇಳಿಸುತ್ತದೆ. ಎರಡೂ ಕಿವಿಯ ಸದ್ದು ಮಿದುಳಿನಲ್ಲಿ ಸೇರುವಾಗ ಆಗುವುದು ಇದು. 1973ರಲ್ಲಿ ಜೆರಾಲ್ಡ್ ಆಸ್ಟರ್ ಬರೆದ ಲೇಖನದಿಂದ ಇದು ಹೆಚ್ಚು ಜನಕ್ಕೆ ಗೊತ್ತಾಯಿತು. 4ರಿಂದ 8 ಹರ್ಟ್ಸ್‌ನ ಥೀಟಾ ಅಲೆಗೆ, ಅಂದರೆ ಮಂಪರಿನಲ್ಲಿ ಕಾಣುವ ಮಿದುಳಿನ ಅಲೆಗೆ, ಮಿದುಳನ್ನು ಎಳೆಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಅಧ್ಯಯನಗಳ ಫಲಿತಾಂಶ ಮಾತ್ರ ಒಂದೊಂದು ಒಂದೊಂದು ಕಡೆಗಿದೆ.

ಹನ್ನೆರಡು ನಿಮಿಷಕ್ಕೆ ಬೆರಳು ಎದ್ದಿತು. ಆದರೆ ಇದಕ್ಕೆ ಹೆಡ್‌ಫೋನ್ ಬೇಕೇ ಬೇಕು. ಅವರ ಮಾತು ಮೈಕ್ ಮೂಲಕ ಬರಬೇಕಾಯಿತು. ಎರಡು ಹೆಜ್ಜೆ ದೂರದಲ್ಲಿ ಕೂತವರ ದನಿ ಬಾವಿಯಿಂದ ಬಂದ ಹಾಗೆ. ನಾನು ಉಸಿರೆಳೆದರೆ ನನಗೇ ಕೇಳಿಸದು. ಒಬ್ಬಳೇ ಮನೆಯಲ್ಲಿ ಮಲಗಿದಾಗ ಪರವಾಗಿಲ್ಲ, ಎದುರಿಗೆ ಥೆರಪಿಸ್ಟ್ ಇರುವಾಗ ಇದು ಅಡ್ಡ.

ತಾಳ

ಮೊದಲು ಮೆಟ್ರೊನೋಮ್, ಒಂದೇ ವೇಗದಲ್ಲಿ ತಾಳ ಹಾಕುವ ಯಂತ್ರ. ನಿಮಿಷಕ್ಕೆ 60, ಟಕ್ ಟಕ್ ಟಕ್. ಪ್ರತಿ ಟಕ್‌ಗೆ ನನ್ನ ಹಲ್ಲು ಒಂದಕ್ಕೊಂದು ತಾಗುತ್ತಿದ್ದುದು ನನಗೇ ಗೊತ್ತಾಗುತ್ತಿತ್ತು. ಏಳು ನಿಮಿಷಕ್ಕೆ ನಾನೇ ಬೇಡ ಎಂದೆ.

ಮುಂದಿನ ವಾರ ಅವರು ಒಂದು ಪುಟ್ಟ ಚರ್ಮವಾದ್ಯ ತಂದು ತೊಡೆಯ ಮೇಲಿಟ್ಟುಕೊಂಡರು. ನನ್ನ ನಾಡಿ ಹಿಡಿದು ನೋಡಿದರು, 82 ಇತ್ತು. ಬೆರಳ ತುದಿಯಿಂದ 80ರ ವೇಗಕ್ಕೆ ಬಡಿಯಲು ಶುರು ಮಾಡಿದರು. "ಇಷ್ಟು ಜೋರಾಗಿಯಾ ಮೇಡಂ?" ಎಂದೆ. "ನೀವು ಈಗ ಎಲ್ಲಿದ್ದೀರೋ ಅಲ್ಲಿಂದಲೇ ಹೊರಡಬೇಕು. ನಾನು ಮೊದಲೇ ಕೆಳಗೆ ಹೋಗಿ ಕೂತು ಕರೆದರೆ ನೀವು ಬರಲ್ಲ" ಎಂದರು. ಸಂಗೀತ ಚಿಕಿತ್ಸೆಯಲ್ಲಿ ಇದಕ್ಕೆ ಐಸೊ ತತ್ವ ಎನ್ನುತ್ತಾರಂತೆ. 1940ರ ದಶಕದಲ್ಲಿ ಇರಾ ಆಲ್ಟ್‌ಶುಲರ್ ಎಂಬ ಮನೋವೈದ್ಯರು ಹೇಳಿದ್ದು: ರೋಗಿಯ ಈಗಿನ ಸ್ಥಿತಿಗೆ ಹೊಂದುವ ಸಂಗೀತದಿಂದ ಶುರು ಮಾಡಿ, ಮೆಲ್ಲಗೆ ಬೇಕಾದ ಕಡೆಗೆ ತಿರುಗಿಸು.

ಮೂರು ನಿಮಿಷಕ್ಕೆ ತಾಳ 70ಕ್ಕೆ ಇಳಿದಿತ್ತು. ಆಮೇಲೆ 60. ನಾಡಿ ಪ್ರತಿಯೊಂದು ಪೆಟ್ಟಿನಲ್ಲೂ ತಾಳವನ್ನು ಹಿಂಬಾಲಿಸುವುದಿಲ್ಲ. ಮೊದಲು ಬಗ್ಗುವುದು ಉಸಿರು. ನಾಲ್ಕು ಪೆಟ್ಟು ಬೀಳುವಷ್ಟು ಹೊತ್ತು ಉಸಿರು ಒಳಗೆ, ಆರು ಪೆಟ್ಟು ಬೀಳುವಷ್ಟು ಹೊತ್ತು ಹೊರಗೆ, ಯಾರೂ ಹೇಳದೆಯೇ ಆಗುತ್ತಿತ್ತು. ಜೊತೆಯಲ್ಲಿ ನಡೆಯುವವರ ಹೆಜ್ಜೆಗೆ ನಮ್ಮ ಹೆಜ್ಜೆ ಸೇರಿಕೊಳ್ಳುತ್ತದಲ್ವಾ, ಹಾಗೆ. ನಡುಕ ತರುವ ಪಾರ್ಕಿನ್ಸನ್ ಕಾಯಿಲೆ ಇರುವವರು ಸ್ಥಿರ ತಾಳಕ್ಕೆ ಹೆಜ್ಜೆ ಹಾಕಿದಾಗ ನಡಿಗೆ ಸುಧಾರಿಸುತ್ತದೆ ಎಂದು ಮೈಕೆಲ್ ಥೌಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದ್ದರ ಹಿಂದೆಯೂ ಲಯಕ್ಕೆ ಸೇರಿಕೊಳ್ಳುವ ಈ ಗುಣವೇ ಇದೆ.

ನಡುವೆ ನಾನು ಒಮ್ಮೆ ಎಂಜಲು ನುಂಗಿದೆ. ಅವರ ಬೆರಳು ಚರ್ಮದ ಮೇಲೆ ಹಾಗೇ ನಿಂತಿತು. ನುಂಗಿ ಮುಗಿದ ಮೇಲೆ ಮುಂದಿನ ಪೆಟ್ಟು ಬಿತ್ತು. ಮೆಟ್ರೊನೋಮ್‌ಗೂ ಕೈಗೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲ. ಕೈಯ ತಾಳ ನನಗಾಗಿ ಕಾಯುತ್ತದೆ.

ಎಂಟನೇ ನಿಮಿಷಕ್ಕೆ ತಾಳ ನಿಂತಿತು. ಆ ನಿಶ್ಶಬ್ದದಲ್ಲಿ ನಾಲಿಗೆ ಅಂಗುಳದಿಂದ ಕೆಳಗೆ ಬಿತ್ತು. ಸಣ್ಣ ಚಪ್ ಸದ್ದು. ಹಲ್ಲುಗಳ ನಡುವೆ ತಂಪು ಗಾಳಿ. ಬೆರಳು ಎದ್ದದ್ದು ನನಗೆ ಆಮೇಲೆ ತಿಳಿಯಿತು. ಸದ್ದು ನಿಂತ ಹೊತ್ತಿಗೇ ಹೀಗಾದದ್ದು ಕಾಕತಾಳೀಯ ಅಲ್ಲವೇನೋ. 2006ರಲ್ಲಿ ಲೂಚಿಯಾನೊ ಬರ್ನಾರ್ಡಿ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತದ ನಡುವೆ ಎರಡು ನಿಮಿಷ ಬಿಡುವು ಕೊಟ್ಟಾಗ ಕೇಳುಗರ ರಕ್ತದೊತ್ತಡ, ನಾಡಿಬಡಿತ ಶುರುವಿಗಿಂತಲೂ ಕೆಳಗೆ ಇಳಿದಿದ್ದವು.

ಬರೀ ಮಾತು

ಇದನ್ನು ಎರಡು ಸಲ ನೋಡಿದೆವು. ನಡುವೆ ಒಮ್ಮೆ, ಬರೆದದ್ದನ್ನು ಓದಿದ ಹಾಗೆ: ಹನ್ನೊಂದು ನಿಮಿಷ. ಕೊನೆಗೆ ಒಮ್ಮೆ, ನನ್ನ ಉಸಿರು ನೋಡುತ್ತ: ಆರೂವರೆ ನಿಮಿಷ. ಕೊನೆಯ ಸಲ "ಸಡಿಲ" ಎಂಬ ಮಾತು ಉಸಿರು ಹೊರಗೆ ಹೋಗುವಾಗಲೇ ಬೀಳುತ್ತಿತ್ತು. ಹಿಪ್ನಾಸಿಸ್ ಚಿಕಿತ್ಸೆಗೆ ಹೆಸರಾದ ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ ತನ್ನ ಮಾತನ್ನು ಎದುರಿನವರ ಉಸಿರಿಗೆ ಹೊಂದಿಸುತ್ತಿದ್ದರಂತೆ. ಕೊನೆಯ ಸಲಕ್ಕೆ ಅಭ್ಯಾಸದ ಲಾಭವೂ ಸೇರಿದೆ, ಒಪ್ಪುತ್ತೇನೆ. ಆದರೂ ಮಾತಿನೊಳಗೆ ಆ ತಾಳ ಇದ್ದುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಬೆಳಿಗ್ಗೆಯ ಲೆಕ್ಕ: ಇಷ್ಟದ ಹಾಡಿನ ಮರುದಿನ ಎರಡು ಬೆರಳು. ಹಿನ್ನೆಲೆ ಸಂಗೀತ, ಬೈನೌರಲ್ ಎರಡಕ್ಕೂ ಎರಡೂವರೆ. ಕೈತಾಳ ಮತ್ತು ಕೊನೆಯ ಬರೀ ಮಾತಿನ ಮರುದಿನ ಪೂರ್ತಿ ಮೂರು. ಹೊಸಬರು ಕೈತಾಳದಿಂದ ಶುರು ಮಾಡಿ ಎನ್ನುತ್ತೇನೆ. ಅಭ್ಯಾಸ ಆದವರಿಗೆ ಉಸಿರು ನೋಡಿ ಮಾತಾಡುವ ಥೆರಪಿಸ್ಟ್ ಸಿಕ್ಕರೆ ಬೇರೆ ಸದ್ದೇ ಬೇಡ.

ಮೂರ್ಛೆರೋಗ ಇರುವವರು, ಸೈಕೋಸಿಸ್ (ಇಲ್ಲದ್ದು ಇದೆ ಎನಿಸುವ ಮನೋರೋಗ) ಬಂದಿದ್ದವರು ಮೊದಲು ತಮ್ಮ ಡಾಕ್ಟರಿಗೆ ಹೇಳಲೇಬೇಕು. ಇಂಥ ರೆಕಾರ್ಡಿಂಗ್ ಹಾಕಿಕೊಂಡು ಗಾಡಿ ಓಡಿಸುವುದಂತೂ ಬೇಡವೇ ಬೇಡ.

ಈಗ ಮನೆಗೆಂದು ಒಂದು ರೆಕಾರ್ಡಿಂಗ್ ಮಾಡಿಕೊಟ್ಟಿದ್ದಾರೆ. ಎಂಟು ನಿಮಿಷ ಮಾತು, ಕೈತಾಳ. ಕೊನೆಗೆ ಏನೂ ಇಲ್ಲದ ಎರಡು ನಿಮಿಷ. ಫೈಲ್ ಚಿಕ್ಕದು ಮಾಡಲು ಕೊನೆಯದನ್ನು ಕತ್ತರಿಸಲಾ ಎಂದು ಕೇಳಿದರು. ಬೇಕಾದರೆ ಶುರುವಿನಲ್ಲಿ ಕತ್ತರಿಸಿ, ಅದೊಂದು ಇರಲಿ ಎಂದೆ.