ಸ್ಟುಟ್‌ಗಾರ್ಟ್‌ನ ಹಳೇ ಕೋಟೆ: ಕಿರೀಟ ಆಮೇಲೆ, ಮೊದಲು ಕಂಚಿನ ಮಂಚ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮಕ್ಕಳಿರುವ ನಮ್ಮಂಥವರನ್ನು ಮೊದಲು ಕರೆದುಕೊಂಡು ಹೋಗುವುದು ಕಾರಿನ ಮ್ಯೂಸಿಯಂಗೆ. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಬಾಷ್‌ನವರ ಮೈಕೋ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ರಿಟೈರ್ ಆದವನು ನಾನು. ಬಾಷ್ ಕಂಪನಿಯ ತವರಿಗೆ ಬಂದು ಮತ್ತೆ ಎಂಜಿನ್ ನೋಡುವ ಆಸೆಯೇನೂ ಇರಲಿಲ್ಲ. ಹಿಡಿಸಿದ್ದು ಊರ ನಡುವಿನ ಆಲ್ಟೆಸ್ ಶ್ಲೋಸ್ ಎಂಬ ಹಳೇ ಕೋಟೆ, ಅದರೊಳಗಿನ ವ್ಯೂರ್ಟೆಂಬರ್ಗ್ ಪ್ರಾಂತ್ಯದ ಮ್ಯೂಸಿಯಂ.

ಕೋಟೆಯ ಮೂಲ 10ನೇ ಶತಮಾನದ್ದು. 16ನೇ ಶತಮಾನದಲ್ಲಿ ಡ್ಯೂಕ್ ಕ್ರಿಸ್ಟೋಫ್ ಅದನ್ನು ಅರಮನೆ ಮಾಡಿದ. ಅಂಗಳದ ಸುತ್ತ ಮೂರಂತಸ್ತಿನ ಕಮಾನು ಪಡಸಾಲೆ ಚೆನ್ನಾಗಿದೆ. ಕುದುರೆಯಿಂದ ಇಳಿಯದೆಯೇ ಮೇಲಕ್ಕೆ ಹೋಗಲೆಂದು ಮಾಡಿದ ದಾರಿಯೂ ಉಂಟು. ಆದರೆ 1931ರಲ್ಲಿ ಬೆಂಕಿ ಬಿತ್ತು, ಆಮೇಲೆ ಯುದ್ಧದಲ್ಲಿ ಬಾಂಬು ಬಿತ್ತು. ಈಗ ಕಾಣುವುದರಲ್ಲಿ ಬಹಳಷ್ಟು ತಿರುಗಿ ಕಟ್ಟಿದ್ದು. ಹಂಪಿಯಲ್ಲಿ ಕಲ್ಲು ಮುಟ್ಟಿದಾಗ ಆಗುವಂಥದ್ದು ಇಲ್ಲಿ ಆಗಲಿಲ್ಲ.

ಒಳಗೆ ಹೋದವರು ನೇರ ಹೊಖ್‌ಡೋರ್ಫ್ ಹಳ್ಳಿಯ ಸಮಾಧಿಯಲ್ಲಿ ಸಿಕ್ಕ ವಸ್ತುಗಳ ಹತ್ತಿರ ಹೋಗಿ. ಕ್ರಿಸ್ತಪೂರ್ವ 6ನೇ ಶತಮಾನದ ಕೆಲ್ಟರೆಂಬ ಯೂರೋಪಿನ ಪ್ರಾಚೀನ ಜನಾಂಗದ ಒಬ್ಬ ಒಡೆಯನನ್ನು ಹೂಳಿದ್ದ ದಿಬ್ಬ. ಉತ್ತು ಉತ್ತು ಸವೆದುಹೋಗಿತ್ತು. ಒಬ್ಬ ಹವ್ಯಾಸಿ ಗಮನಿಸಿ ಹೇಳಿದ ಮೇಲೆ 1978-79ರಲ್ಲಿ ಅಗೆದರು. ಮೇಲೆ ಟನ್‌ಗಟ್ಟಲೆ ಕಲ್ಲು ಹೇರಿದ್ದರಿಂದ ಕಳ್ಳರ ಕೈಗೆ ಸಿಕ್ಕಿರಲಿಲ್ಲ.

ಅವನನ್ನು ಮಲಗಿಸಿದ್ದ ಕಂಚಿನ ಮಂಚ 2.75 ಮೀಟರ್ ಉದ್ದ. ಸೋಫಾದ ಹಾಗೆ ಒರಗು ಇದೆ. ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ್ದಾರೆ. ಒರಗಿನ ಮೇಲೆ ಬರೀ ಚುಕ್ಕಿ ಗುದ್ದಿ ಗಾಡಿಗಳನ್ನೂ ಕತ್ತಿ ಹಿಡಿದು ಕುಣಿಯುವವರನ್ನೂ ಮೂಡಿಸಿದ್ದಾರೆ. ಕೆಳಗೆ ಕಾಲುಗಳ ಬದಲು ಎಂಟು ಕಂಚಿನ ಹೆಂಗಸರು ಕೈಯೆತ್ತಿ ಮಂಚ ಹೊತ್ತಿದ್ದಾರೆ, ಒಬ್ಬೊಬ್ಬರಿಗೂ ಒಂದೊಂದು ಗಾಲಿ! ಎರಡೂವರೆ ಸಾವಿರ ವರ್ಷದ ಹಿಂದಿನ ಕ್ಯಾಸ್ಟರ್ ವ್ಹೀಲು. ನಾನು ಬಗ್ಗಿ ನೋಡುತ್ತಿದ್ದರೆ ಮಗಳು, "ಅಪ್ಪಾ, ಕಿರೀಟ ಇರೋದು ಆ ಕಡೆ" ಅಂದಳು. ಇರಲಿ ಬಿಡಮ್ಮ ಅಂದೆ.

ಪಕ್ಕದಲ್ಲೇ ಗ್ರೀಕರು ಮಾಡಿದ ಕೊಪ್ಪರಿಗೆ, ಸುಮಾರು 500 ಲೀಟರ್ ಹಿಡಿಯುವಂಥದ್ದು. ತಳದಲ್ಲಿ ಜೇನಿನ ಮದ್ಯದ ಗಸಿ ಸಿಕ್ಕಿತ್ತಂತೆ. ಅಂಚಿನಲ್ಲಿ ಮೂರು ಸಿಂಹ. ಮೂರನ್ನೂ ಸರಿಯಾಗಿ ನೋಡಿ: ಒಂದರ ಕೆಲಸ ಬೇರೆ ಕೈಯದು. ಮೂಲದ್ದು ಹೋದ ಮೇಲೆ ಸ್ಥಳೀಯ ಕಸುಬುದಾರ ಮಾಡಿ ಕೂರಿಸಿದ ಸಿಂಹ ಅದು. ಸ್ಪೇರ್ ಪಾರ್ಟು ಸಿಗದಿದ್ದಾಗ ಕೈಯಲ್ಲೇ ಮಾಡಿ ಕೂರಿಸಿದವನಿಗೆ ಆ ಮನುಷ್ಯನ ಕಷ್ಟ ಗೊತ್ತಾಗುತ್ತದೆ. ಕುಡಿಯಲು ಒಂಬತ್ತು ಕೊಂಬು, ಅದರಲ್ಲಿ ಒಡೆಯನದ್ದು ಕಬ್ಬಿಣದ್ದು, ಐದೂವರೆ ಲೀಟರಿನದು. ಶವದ ಪಾದರಕ್ಷೆಗೆ ಹೊದಿಸಿದ್ದ ಬಂಗಾರದ ತಗಡು ಮಾತ್ರ ಎಡಬಲ ಅದಲುಬದಲಾಗಿತ್ತು. ಅಷ್ಟು ಆಡಂಬರದ ನಡುವೆಯೂ ಯಾರೋ ಅವಸರ ಮಾಡಿದ್ದಾರೆ.

ಕಿರೀಟವನ್ನೂ ನೋಡಿದೆವು. 1806ರಲ್ಲಿ ವ್ಯೂರ್ಟೆಂಬರ್ಗ್ ರಾಜ್ಯವಾದಾಗಿನ ಮನೆತನದ್ದು, ವಜ್ರಗಳಿವೆ, ಹೊಳೆಯುತ್ತದೆ. ಅದಕ್ಕಿಂತ ನನ್ನಾಕೆಗೆ ಮೆಚ್ಚಿಕೆಯಾಗಿದ್ದು 1430ರ ಸುಮಾರಿನ ಇಸ್ಪೀಟು ಎಲೆಗಳು. ಆಟೀನು ಇಸ್ಪೀಟಿನ ಬದಲು ಬೇಟೆನಾಯಿ, ಜಿಂಕೆ, ಬಾತು, ಗಿಡುಗ. 52ರಲ್ಲಿ 49 ಎಲೆ ಉಳಿದಿವೆ. "ರೀ, ನಮ್ಮ ಮೈಸೂರು ಗಂಜೀಫಾ ಎಲೆಗಳನ್ನೂ ಹೀಗೇ ಇಟ್ಟಿದ್ದರೆ" ಅಂದಳು. ಉತ್ತರ ಹೊಳೆಯಲಿಲ್ಲ.

ಸೋಮವಾರ ರಜೆ. ವಾದ್ಯಗಳ ಸಂಗ್ರಹ ಎದುರಿನ ಶಿಲ್ಲರ್ ಚೌಕದ ಬೇರೆ ಕಟ್ಟಡದಲ್ಲಿದೆ, ಕೋಟೆಯೊಳಗೆ ಹುಡುಕಬೇಡಿ. ಎಲ್ಲ ಅಂತಸ್ತೂ ಒಂದೇ ಸಲಕ್ಕೆ ಮುಗಿಸುವ ಹಟ ಬೇಡ, ನಮ್ಮ ವಯಸ್ಸಿನವರ ಮಂಡಿ ಕೇಳುವುದಿಲ್ಲ. ಸಮಯವಿದ್ದರೆ ಹೊಖ್‌ಡೋರ್ಫ್ ಹಳ್ಳಿಗೂ ಹೋಗಿಬನ್ನಿ. ಅಲ್ಲಿನ ಕೆಲ್ಟ್ ಮ್ಯೂಸಿಯಂನಲ್ಲಿ ಇವೇ ವಸ್ತುಗಳನ್ನು ಹೊಸದಾಗಿ ಮಾಡಿ ಇಟ್ಟಿದ್ದಾರೆ. ಹಸಿರುಗಟ್ಟುವ ಮುಂಚೆ ಮಂಚದ ಬಣ್ಣ ಹೇಗಿತ್ತೆಂದು ಅಲ್ಲಿ ತಿಳಿಯುತ್ತದೆ. ಆದರೆ ಆ ಕಾಲದ ಅಸಲಿ ರಿವೆಟ್ ನೋಡಬೇಕೆಂದರೆ ಇಲ್ಲಿಗೇ ಬರಬೇಕು.