ನಾಲ್ಕು ವರ್ಷದಿಂದ ಕೈಯಲ್ಲಿರುವ ಎದೆಬಡಿತದ ವಾಚು: ಐದಕ್ಕೆ ನಾಲ್ಕು ಸ್ಟಾರ್

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು ನಾವು. ಈ ವಾಚು ಮಳೆ, ಕೆಸರು, ಬೆವರು ಎಲ್ಲವನ್ನೂ ನೋಡಿದೆ.

ಹಿಂಬದಿಯ ಹಸಿರು ಲೈಟು ಚರ್ಮದ ಕೆಳಗೆ ಹರಿಯುವ ರಕ್ತವನ್ನು ನೋಡಿ ಬಡಿತ ಎಣಿಸುತ್ತದೆ. ಸುಮ್ನೆ ಕೂತಿದ್ದಾಗ ಲೆಕ್ಕ ಚೆನ್ನಾಗಿದೆ. ನಾಡಿ ಹಿಡಿದು, ಗೋಡೆ ಗಡಿಯಾರ ನೋಡಿ ತಾಳೆ ಹಾಕಿದ್ದೇನೆ. ಒಂದೆರಡು ಬಡಿತ ಹೆಚ್ಚುಕಮ್ಮಿ, ಅಷ್ಟೇ.

ನನಗೆ ಇದರಲ್ಲಿ ತುಂಬಾ ಬೆಲೆಯುಳ್ಳದ್ದು ಒಂದೇ ಅಂಕಿ: ವಿಶ್ರಾಂತಿಯಲ್ಲಿದ್ದಾಗಿನ ಬಡಿತ. ನಿಮಿಷಕ್ಕೆ 72 ಅಂತ ಹಿಡಿದರೂ ದಿನಕ್ಕೆ ಒಂದು ಲಕ್ಷ ದಾಟುತ್ತದೆ, 70 ವರ್ಷಕ್ಕೆ ಸುಮಾರು 265 ಕೋಟಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ, ನಿಮಿಷಕ್ಕೆ 5 ಲೀಟರ್. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕನ್ನು ದಿನಕ್ಕೆ ಏಳು ಸಲ ತುಂಬಿಸುವಷ್ಟು! ಇಷ್ಟೂ ಮಾಡುವುದು 300 ಗ್ರಾಂ ಆಸುಪಾಸಿನ ಒಂದು ಸ್ನಾಯು.

ಅದಕ್ಕೆ ಬಿಡುವೇ ಇಲ್ಲ ಅಂತಲ್ಲ. ಒಂದು ಬಡಿತಕ್ಕೆ 0.8 ಸೆಕೆಂಡ್ ಆದರೆ, ಹಿಂಡುವುದು 0.3 ಸೆಕೆಂಡ್. ಉಳಿದ ಅರ್ಧ ಸೆಕೆಂಡ್ ಸಡಿಲವಾಗಿರುತ್ತದೆ. ಹೃದಯದ ಎಡಭಾಗದ ಸ್ನಾಯುವಿಗೆ ತನ್ನ ಪಾಲಿನ ರಕ್ತ ಸಿಗುವುದೂ ಹೆಚ್ಚಾಗಿ ಆ ಬಿಡುವಿನಲ್ಲೇ. ಬಡಿತ ಜಾಸ್ತಿಯಾದಾಗ ಮೊದಲು ಕಡಿಮೆಯಾಗುವುದು ಈ ಬಿಡುವೇ. ಪಾಪ ಅನ್ನಿಸುತ್ತದೆ, ಅಲ್ವಾ? ಇದು ಗೊತ್ತಾದ ಮೇಲೆ ಸಂಜೆ ಗುಡ್ಡದ ದಾರಿಯಲ್ಲಿ ಬಿರುಸಾಗಿ ನಡೆಯಲು ಶುರು ಮಾಡಿದೆ. 78 ಇದ್ದದ್ದು ನಿಧಾನಕ್ಕೆ 68ಕ್ಕೆ ಇಳಿದಿದೆ. ಇಡೀ ದಿನಕ್ಕೆ ಲೆಕ್ಕ ಹಾಕಿದರೆ 14,400 ಬಡಿತ ಉಳಿತಾಯ. ಜ್ವರ ಬಂದಾಗ, ನಿದ್ದೆಗೆಟ್ಟಾಗ ಮತ್ತೆ ಏರುತ್ತದೆ. ಅಂಥ ದಿನ ಭಾರದ ಕೆಲಸ ಬಿಡುತ್ತೇನೆ.

ತೊಂದರೆಗಳೂ ಇವೆ. ಕಳೆ ಹೊಡೆಯುವ ಮಿಷನ್ ಹಿಡಿದಾಗ ಕೈ ನಡುಗಿ ಅಂಕಿ ಎಲ್ಲೆಲ್ಲೋ ಹೋಗುತ್ತದೆ. ಆಷಾಢದ ಚಳಿಗೆ ಕೈ ತಣ್ಣಗಾದರೆ ಒಮ್ಮೊಮ್ಮೆ ಏನೂ ತೋರಿಸುವುದಿಲ್ಲ. ರಬ್ಬರ್ ಬೆಲ್ಟಿನಡಿ ನೀರು ನಿಂತು ತುರಿಕೆಯಾಯಿತು. ಬಟ್ಟೆಯ ಬೆಲ್ಟ್ ಹಾಕಿದ ಮೇಲೆ ಸರಿಹೋಯಿತು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎದೆ ಹಿಂಡಿದಂತಾಗಿ, ತಣ್ಣನೆ ಬೆವರು ಬಂದು, ಎಡಗೈಗೋ ದವಡೆಗೋ ನೋವು ಹರಿದರೆ ವಾಚು ನೋಡುತ್ತಾ ಕೂರಬೇಡಿ. ಹೃದಯಾಘಾತದಲ್ಲೂ ಬಡಿತದ ಅಂಕಿ ಸರಿಯಾಗೇ ಕಾಣಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ.

ಕೊಳ್ಳುವವರು ದುಬಾರಿ ಮಾಡೆಲ್ ಹುಡುಕುವುದು ಬೇಡ. ವಿಶ್ರಾಂತಿ ಬಡಿತದ ತಿಂಗಳ ಗ್ರಾಫ್ ತೋರಿಸುತ್ತದೆಯೇ, ಬೆಲ್ಟ್ ಬದಲಿಸಲು ಬರುತ್ತದೆಯೇ, ಈ ಎರಡನ್ನು ಅಂಗಡಿಯಲ್ಲೇ ಕೇಳಿಕೊಳ್ಳಿ.