ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳ ಟೆಲಿಗ್ರಾಂ ಗುಂಪು: ನಾಲ್ಕು ಸೆಮಿಸ್ಟರ್ ಬಳಸಿದ ಮೇಲೆ

ಸೀನಿಯರ್ ಅಕ್ಕ ಒಬ್ಬರು ಲಿಂಕ್ ಕಳಿಸಿದ್ದರು. ನೋಟ್ಸ್ ಸಿಗುತ್ತವೆ ಅಂತ ಸೇರಿದೆ. ನೋಟ್ಸ್‌ಗೆ ಮಾತ್ರ ಆದರೆ ಐದಕ್ಕೆ ಎರಡೇ ಅಂಕ. ಒಂದೇ ಪಿಡಿಎಫ್ ಹತ್ತು ಸಲ ಬರುತ್ತದೆ, ಸಮಾಜಕಾರ್ಯದ ಲೇಖಕಿ ಪರ್ಲ್‌ಮನ್ ಅವರ ನಾಲ್ಕು 'ಪಿ' (ಪರ್ಸನ್, ಪ್ರಾಬ್ಲಂ, ಪ್ಲೇಸ್, ಪ್ರೊಸೆಸ್) ಇರುವ ಪುಟ ಪ್ರತಿ ಸಲವೂ ವಾರೆಯಾಗಿಯೇ ಇರುತ್ತದೆ.

ಗುಂಪು ನಿಜವಾಗಿ ಕೈ ಹಿಡಿದದ್ದು ಫೀಲ್ಡ್‌ವರ್ಕ್ ದಿನಗಳಲ್ಲಿ. ನಮಗೆ ವಾರಕ್ಕೆ ಎರಡು ದಿನ. ಮೊದಲ ಹೋಂ ವಿಸಿಟ್‌ನಲ್ಲೇ ಒಬ್ಬ ಅಜ್ಜಿ, "ಪಿಂಚಣಿ ಮಾಡಿಸಿ ಕೊಡ್ತೀಯಾ ಮಗಾ?" ಅಂದರು. ಹೂಂ ಅಂದುಬಿಟ್ಟೆ. ನನ್ನ ಬ್ಯಾಗಿನಲ್ಲಿ ಇದ್ದದ್ದು ಒಂದು ಡೈರಿ, ಅರ್ಧ ಪ್ಯಾಕೆಟ್ ಬಿಸ್ಕತ್ತು. ಗೈಡ್ ಜೊತೆ ಐಸಿ, ಅಂದರೆ ಒಬ್ಬೊಬ್ಬರೇ ಕೂತು ಮಾತಾಡುವ ಭೇಟಿ, ಇದ್ದದ್ದು ನಾಲ್ಕು ದಿನ ಬಿಟ್ಟು. ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಕೇಳಿದೆ. ಕಲಬುರಗಿ ಕಡೆಯ ಹುಡುಗಿಯೊಬ್ಬಳು ಬರೆದಳು: "ಮಾಡಿಸಿ ಕೊಡ್ತೀನಿ ಅನಬ್ಯಾಡ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡ್ಕೊಂಡು ಅಜ್ಜಿ ಜೋಡಿ ನಾಡಕಚೇರಿಗೆ ಹೋಗು. ಅರ್ಜಿ ಅಕಿನೇ ಕೊಡ್ಲಿ." ಕೇಸ್‌ವರ್ಕ್ (ಒಬ್ಬೊಬ್ಬರ ಸಮಸ್ಯೆಗೆ ನೆರವಾಗುವ ವಿಧಾನ) ತರಗತಿಯಲ್ಲಿ ಸ್ವಯಂ ನಿರ್ಧಾರ, ಅಂದರೆ ತಮ್ಮ ನಿರ್ಧಾರ ಅವರೇ ಮಾಡಬೇಕು, ಅಂತ ಬರೆದುಕೊಂಡಿದ್ದು ಅವತ್ತು ತಲೆಗೆ ಹೋಯಿತು.

ಕೆಟ್ಟ ಅನುಭವವೂ ಇದೆ. ಮೂರನೇ ಸೆಮಿಸ್ಟರ್‌ನಲ್ಲಿ ಒಬ್ಬರು ಬಾಲಮಂದಿರದ ಮಗುವಿನ ಫೋಟೊ, ಹೆಸರು, ಊರು ಸಮೇತ ಇಡೀ ಕೇಸ್ ಸ್ಟಡಿ ಹಾಕಿದರು. ಕೆಳಗೆ ಸಾಲಾಗಿ ಹಾರ್ಟ್ ಗುರುತು! ಆಮೇಲೆ ಯಾರೋ ನೆನಪಿಸಿದರು: 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪೋಸ್ಟ್ ಅಳಿಸುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಅಷ್ಟರಲ್ಲಿ ಯಾರ ಫೋನಿಗೆ ಹೋಯಿತೋ. ಟೆಲಿಗ್ರಾಂ ಗುಂಪಿನ ಚಾಟ್‌ಗೆ ಎಂಡ್-ಟು-ಎಂಡ್ ಗೂಢಲಿಪಿ (ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ರಕ್ಷಣೆ) ಇಲ್ಲ ಅನ್ನುವುದೂ ನಮ್ಮಲ್ಲಿ ಎಷ್ಟೋ ಜನಕ್ಕೆ ಆಗಲೇ ಗೊತ್ತಾದದ್ದು. ಅಲ್ಲಿಂದ ಫೋಟೊ ಹಾಕುವುದನ್ನೇ ಅಡ್ಮಿನ್‌ಗಳು ಬಂದ್ ಮಾಡಿದರು. ಒಳ್ಳೆಯದೇ ಆಯಿತು.

ರಿಪೋರ್ಟ್ ಕಾಪಿ ಹೊಡೆಯುವವರ ಕಾಟ ಮಾತ್ರ ಹೋಗಿಲ್ಲ. ಒಂದೇ ಕುಡುಕ ಗಂಡ, ಅದೇ ಡೈಲಾಗ್ ಸಮೇತ, ಮೂರು ಕಾಲೇಜಿನ ಪ್ರೊಸೆಸ್ ರೆಕಾರ್ಡಿಂಗ್‌ನಲ್ಲಿ (ಭೇಟಿಯ ಮಾತುಕತೆಯನ್ನು ನಡೆದ ಹಾಗೇ ಬರೆಯುವ ವರದಿ) ಬಂದಿದ್ದಾನೆ.

ಇನ್ನೊಂದು ಮೆಚ್ಚುಗೆ: ಬ್ಲಾಕ್ ಪ್ಲೇಸ್‌ಮೆಂಟ್ (ಕೆಲವು ವಾರ ಸತತವಾಗಿ ಒಂದು ಸಂಸ್ಥೆಯಲ್ಲಿ ಕೆಲಸ ಕಲಿಯುವುದು) ಹೊತ್ತಲ್ಲಿ ಒಬ್ಬಳು ತೀರಾ ಕುಗ್ಗಿ ಬರೆದಾಗ ಯಾರೂ ಸುಮ್ನೆ ಉಪದೇಶ ಮಾಡಲಿಲ್ಲ. ಒಬ್ಬರು ಫೋನ್ ಮಾಡಿ ಮಾತಾಡಿದರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೊಟ್ಟರು. ಆ ನಂಬರ್ ಈಗಲೂ ಗುಂಪಿನ ಮೇಲೆ ಪಿನ್ ಆಗಿದೆ.

ಒಟ್ಟು ಐದಕ್ಕೆ ನಾಲ್ಕು. ಸೇರುವವರು ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಮಾಡಿಕೊಳ್ಳಿ. ನಾನು ಮಾಡಿರಲಿಲ್ಲ. ಪಿಎಚ್‌ಡಿ ಥೀಸಿಸ್ ಬರೆದುಕೊಡುತ್ತೇವೆ ಅನ್ನುವವರ ಮೆಸೇಜ್ ಇವತ್ತು ಬೆಳಗ್ಗೆಯೂ ಬಂತು.